ಹೆಂಡತಿಯ ಚಿತ್ರದ ಮುಂದೆ ಊಟಕ್ಕೆ ಕೂತ ರಾಜ

ಪ್ರಶ್ನೆ: ಸರ್, ನನ್ನ ಮಗಳು ಮೊಬೈಲ್‌ನಲ್ಲಿ ಕೊರಿಯಾದ ಧಾರಾವಾಹಿ ನೋಡುತ್ತಾಳೆ. ಅದರಲ್ಲಿ ಗೊಂಗ್‌ಮಿನ್ ಅನ್ನೋ ರಾಜ ಬರುತ್ತಾನೆ. ಹೆಂಡತಿ ಸತ್ತ ಮೇಲೆ ಅವನು ರಾಜ್ಯವನ್ನೇ ಮರೆತನಂತೆ. ನಿಜವೇ?
– ಓದುಗರೊಬ್ಬರು, ಸೇಡಂ

ಉತ್ತರ: ಅರ್ಧ ನಿಜ, ತಂಗಿ. ಉಳಿದರ್ಧ ನಿಮ್ಮ ಮಗಳಿಗೂ ಗೊತ್ತಾಗಲಿ.

ಗೊಂಗ್‌ಮಿನ್ ಗೊರಿಯೊ ರಾಜ್ಯವನ್ನು, ಅಂದರೆ ಆಗಿನ ಕೊರಿಯಾವನ್ನು, 1351ರಿಂದ 1374ರವರೆಗೆ ಆಳಿದ. ನಮ್ಮ ಕಲಬುರಗಿಯಲ್ಲಿ ಬಹಮನಿಗಳು ಆಗಷ್ಟೇ ನೆಲೆಯೂರಿದ್ದರು. ಗೊರಿಯೊ ಆಗ ಮಂಗೋಲರ ಕೈಕೆಳಗಿತ್ತು. ಹುಡುಗನಿದ್ದಾಗಲೇ ಇವನನ್ನು ಒತ್ತೆಯಾಗಿ ಈಗಿನ ಬೀಜಿಂಗಿಗೆ ಕಳಿಸಿದ್ದರು. ಹತ್ತು ವರ್ಷ ಅಲ್ಲೇ ಕಳೆದ. ಮದುವೆಯಾದದ್ದೂ ಮಂಗೋಲರ ರಾಜಕುಮಾರಿ ನೊಗುಕ್‌ಳನ್ನೇ. ಆದರೂ ಪಟ್ಟಕ್ಕೆ ಬಂದ ಮರುವರ್ಷವೇ ಮಂಗೋಲರ ಜಡೆ, ಉಡುಪು ಎರಡನ್ನೂ ಬಿಟ್ಟ. 1356ರಲ್ಲಿ ಅವರು ನುಂಗಿದ್ದ ಉತ್ತರದ ಸೀಮೆಯನ್ನು ಗೆದ್ದುಕೊಂಡ. ನೊಗುಕ್ ತವರಿನ ಪರ ನಿಲ್ಲಲಿಲ್ಲ, ಗಂಡನ ಪರ ನಿಂತಳು.

1363ರಲ್ಲಿ ರಾಜನ ಬಿಡಾರಕ್ಕೇ ಕೊಲೆಗಾರರು ನುಗ್ಗಿದರು. ಅವನು ತಾಯಿಯ ಕೋಣೆಯಲ್ಲಿ ಕಂಬಳಿ ಹೊದ್ದು ಅಡಗಿದ. ನೊಗುಕ್ ಬಾಗಿಲಿಗೆ ಅಡ್ಡ ಕೂತಳು. ಅವಳನ್ನು ದಾಟಿ ಒಳಗೆ ಹೋಗಲು ಯಾರಿಗೂ ಆಗಲಿಲ್ಲ.

ಅಂಥವಳು 1365ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ರಾಜ ಒಳ್ಳೆಯ ಚಿತ್ರಗಾರ. ತಾನೇ ಅವಳ ಚಿತ್ರ ಬರೆದ. ಅದರ ಮುಂದೆ ಕೂತು ಊಟ ಮಾಡಿದ, ಅತ್ತ. ಮೂರು ವರ್ಷ ಮಾಂಸ ಮುಟ್ಟಲಿಲ್ಲ. ಧಾರಾವಾಹಿ ಹೇಳೋದು ಇಷ್ಟನ್ನೇ ಅಲ್ವಾ?

ಆದರೆ ಮರುವರ್ಷ, 1366ರಲ್ಲಿ, ಅವನ ಆಳ್ವಿಕೆಯ ದೊಡ್ಡ ಕೆಲಸ ಶುರುವಾಯಿತು. ನನಗೆ ಜಾಸ್ತಿ ಮುಖ್ಯ ಅನ್ನಿಸೋದು ಇದೇ. ದೊಡ್ಡ ಮನೆತನಗಳು ಬಡವರ ಹೊಲ ಕಬಳಿಸಿದ್ದವು, ರೈತರನ್ನೇ ಗುಲಾಮರಾಗಿ ಇಟ್ಟುಕೊಂಡಿದ್ದವು. ಅವನ್ನೆಲ್ಲ ಬಿಡಿಸೋಕೆ ರಾಜ ಒಂದು ಕಚೇರಿ ತೆರೆದ. ನಡೆಸಲು ಶಿನ್ ಡೊನ್ ಎಂಬ ಬೌದ್ಧ ಸನ್ಯಾಸಿಯನ್ನು ಕೂರಿಸಿದ. ಶಿನ್ ಡೊನ್‌ನ ತಾಯಿ ಒಂದು ಮಠದ ಗುಲಾಮಳು. ರಾಜಧಾನಿಯವರಿಗೆ 15 ದಿನ, ಹೊರಗಿನವರಿಗೆ 40 ದಿನ ಗಡುವು. ಅಷ್ಟರಲ್ಲಿ ತಾವಾಗಿಯೇ ವಾಪಸ್ ಕೊಟ್ಟರೆ ಶಿಕ್ಷೆಯಿಲ್ಲ. ಎಷ್ಟೋ ಜನರಿಗೆ ಹೊಲ ಸಿಕ್ಕಿತು, ಬಿಡುಗಡೆ ಸಿಕ್ಕಿತು. ಹೆಂಡತಿಯ ಚಿತ್ರದ ಮುಂದೆ ಅಳುತ್ತಿದ್ದ ಅದೇ ವರ್ಷಗಳಲ್ಲಿ ನಡೆದದ್ದು ಇದು. ಅದನ್ನು ಸುಮ್ನೆ ‘ರಾಜ್ಯ ಮರೆತ’ ಅನ್ನೋಕೆ ನನಗೆ ಮನಸ್ಸಿಲ್ಲ.

ಕೊನೆ ಚೆನ್ನಾಗಿರಲಿಲ್ಲ. 1371ರಲ್ಲಿ ಶಿನ್ ಡೊನ್‌ನನ್ನು ರಾಜನೇ ಕೊಲ್ಲಿಸಿದ. 1374ರಲ್ಲಿ ರಾಜನನ್ನು ಅವನ ಆಳುಗಳೇ ಕೊಂದರು.

ಮಗಳನ್ನು ಕರೆದುಕೊಂಡು ಕಲಬುರಗಿಗೆ ಬಂದರೆ ಸಾತ್ ಗುಂಬಜ್‌ಗೆ ಹೋಗಿ. ಅಲ್ಲಿ ಬಹಮನಿ ಸುಲ್ತಾನ ಫಿರೋಜ್ ಶಾನ ಗೋರಿಯ ಜೋಡಿ ಗುಂಬಜ್ ತೋರಿಸಿ, ಗೊಂಗ್‌ಮಿನ್ ದಂಪತಿಯ ಗೋರಿಗಳೂ ಹೀಗೇ ಜೋಡಿ ಅಂತ ಹೇಳಿ. ಅವು ಉತ್ತರ ಕೊರಿಯಾದ ಕೇಸಾಂಗ್ ಹತ್ತಿರ, ಗುಡ್ಡದ ಮಗ್ಗುಲಲ್ಲಿ ಎರಡು ದುಂಡನೆಯ ಮಣ್ಣಿನ ದಿಬ್ಬಗಳಾಗಿ ಪಕ್ಕಪಕ್ಕ ಇವೆ. ನಡುವೆ ನೆಲದೊಳಗೆ ಒಂದು ಕಿಂಡಿ ಬಿಟ್ಟಿದ್ದಾರೆ, ಇಬ್ಬರ ಆತ್ಮ ಓಡಾಡಲಿ ಎಂದು.