ಎಸ್ಟರ್ ಒಡೆಯುವ ರೆಸಿನ್ ಮೂರನೇ ಸಲಕ್ಕೇ ಯಾಕೆ ಕೈಕೊಡುತ್ತದೆ?

ಶಿವಮೊಗ್ಗದಲ್ಲಿ ಎಂ.ಎಸ್ಸಿ. ಪ್ರಾಜೆಕ್ಟಿಗೆ ಆಂಬರ್‌ಲಿಸ್ಟ್-15 ಎಂಬ ರೆಸಿನ್ (ಆಮ್ಲ ಅಂಟಿಸಿದ ಪ್ಲಾಸ್ಟಿಕ್ ಮಣಿಗಳು) ಹಾಕಿ ಈಥೈಲ್ ಅಸಿಟೇಟ್ ಎಂಬ ಎಸ್ಟರನ್ನು ನೀರಿನಿಂದ ಒಡೆಯುತ್ತಿದ್ದೀರಿ, ಪ್ರತಿ ಸಲ ರೆಸಿನ್ನನ್ನು ಬೋರ್ ನೀರಲ್ಲಿ ತೊಳೆದಿಡುತ್ತೀರಿ, ಮೂರನೇ ಸಲಕ್ಕೆ ಕ್ರಿಯೆ ಹೆಚ್ಚುಕಡಿಮೆ ನಿಂತೇ ಹೋಯಿತು ಅಂತ ಬರೆದಿದ್ದೀರಿ. ನನ್ನ ಅನುಮಾನ ಆ ತೊಳೆಯುವ ನೀರಿನ ಮೇಲೇ.

ಇಲ್ಲಿ ಕೆಲಸ ಮಾಡುವುದು ರೆಸಿನ್ನಿನ ಸಲ್ಫಾನಿಕ್ ಆಮ್ಲದ ಪ್ರೋಟಾನ್. ಅದು ಎಸ್ಟರಿನ ಕಾರ್ಬೊನಿಲ್ ಆಮ್ಲಜನಕಕ್ಕೆ ಅಂಟಿದರೆ ಪಕ್ಕದ ಇಂಗಾಲಕ್ಕೆ ಎಲೆಕ್ಟ್ರಾನ್ ಕೊರತೆಯಾಗಿ ನೀರಿನ ಅಣು ಅಲ್ಲಿ ಬಂದು ಸೇರುತ್ತದೆ. ಎಥನಾಲ್ ಕಳಚಿಕೊಳ್ಳುತ್ತದೆ, ಅಸಿಟಿಕ್ ಆಮ್ಲ ಉಳಿಯುತ್ತದೆ, ಪ್ರೋಟಾನ್ ರೆಸಿನ್ನಿಗೆ ವಾಪಸ್. ಒಣ ರೆಸಿನ್ನಿನ ಗ್ರಾಮಿಗೆ ಇಂಥ ಪ್ರೋಟಾನ್ ಸುಮಾರು 4.7 ಮಿಲಿಈಕ್ವಿವಲೆಂಟ್ (ವಿದ್ಯುದಂಶದ ಲೆಕ್ಕದ ಅಳತೆ), 2 ಗ್ರಾಮಿಗೆ 9.4. ಬೋರ್ ನೀರಿನ ಗಡಸುತನ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 300 ಮಿ.ಗ್ರಾಂ ಇದ್ದರೆ ಪ್ರತಿ ಲೀಟರಿನಲ್ಲಿ 6 ಮಿಲಿಈಕ್ವಿವಲೆಂಟ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಎರಡು ಲೀಟರ್ ಸುರಿದರೆ ಪ್ರೋಟಾನ್‌ಗಳ ಜಾಗದಲ್ಲೆಲ್ಲ ಅವೇ ಕೂರುತ್ತವೆ.

ರೆಸಿನ್ ಎಸೆಯಬೇಡಿ. 10% ಹೈಡ್ರೋಕ್ಲೋರಿಕ್ ಆಮ್ಲ 30 ಮಿ.ಲೀ.ನಷ್ಟು ನಿಧಾನವಾಗಿ ಹಾಯಿಸಿ. ಆಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ, ಸೋಸಿ ಬಂದ ನೀರು ಸಿಲ್ವರ್ ನೈಟ್ರೇಟಿಗೆ ಬೆಳ್ಳಗಾಗುವುದು ನಿಲ್ಲುವವರೆಗೂ ತೊಳೆಯಿರಿ. ಆಮ್ಲ ಉಳಿದರೆ ಅದೇ ವೇಗವರ್ಧಕವಾಗಿ ನಿಮ್ಮ ಲೆಕ್ಕ ಕೆಡಿಸುತ್ತದೆ.

100 ಮಿ.ಲೀ. ಡಿಸ್ಟಿಲ್ಡ್ ವಾಟರಿಗೆ 5 ಮಿ.ಲೀ. ಎಸ್ಟರ್ ಸಾಕು, ಪೂರ್ತಿ ಕರಗುತ್ತದೆ. ಕಂಡೆನ್ಸರ್ ಹಾಕಿ 55 ಡಿಗ್ರಿಯಲ್ಲಿಡಿ. 70ರ ಹತ್ತಿರ ಎಸ್ಟರ್ ನೀರಿನ ಜತೆ ಕುದಿಯಲು ಶುರುವಾಗುತ್ತದೆ. ಇಷ್ಟೊಂದು ನೀರು ಯಾಕೆಂದರೆ, ಆಮ್ಲದಲ್ಲಿ ಈ ಕ್ರಿಯೆ ಹಿಂದಕ್ಕೂ ಓಡುತ್ತದೆ, ಹೆಚ್ಚು ನೀರು ಅದನ್ನು ಮುಂದಕ್ಕೆ ತಳ್ಳುತ್ತದೆ. ಎಲೆಯಡಿಕೆಗೆ ಸುಣ್ಣ ಹಚ್ಚಿದಾಗ ನಮ್ಮ ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಎಸ್ಟರ್ ಒಡೆಯುವುದೂ ಎಸ್ಟರಿನ ಜಲವಿಭಜನೆಯೇ, ಆದರೆ ಅಲ್ಲಿ ಹುಟ್ಟಿದ ಆಮ್ಲ ಲವಣವಾಗಿಬಿಡುತ್ತದೆ, ಹಿಂದಿರುಗುವ ದಾರಿ ಇಲ್ಲ.

ಹುಟ್ಟಿದ ಆಮ್ಲ ಎಷ್ಟೆಂದು ಅಳೆಯಲು ಆಗಾಗ 2 ಮಿ.ಲೀ. ದ್ರವ ತೆಗೆದು ಐಸಿನಲ್ಲಿ ತಣಿಸಿ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡಿನಿಂದ ಟೈಟ್ರೇಟ್ ಮಾಡಿ. ಕೊನೆಯ ರೀಡಿಂಗ್ 9.5 ಮಿ.ಲೀ. ಆಸುಪಾಸು ಬರಬೇಕು. ಅದಕ್ಕಿಂತ ಜಾಸ್ತಿ ಬಂದರೆ ಪಿಪೆಟ್ಟಿಗೆ ರೆಸಿನ್ ಪುಡಿ ಹೊಕ್ಕಿದೆಯೇ ನೋಡಿ, ಅದರ ಪ್ರೋಟಾನೂ ಕ್ಷಾರವನ್ನು ತಿನ್ನುತ್ತದೆ. ತಳದಲ್ಲಿ ತಿರುಗುವ ಮ್ಯಾಗ್ನೆಟ್ ಮಣಿಗಳನ್ನು ಅರೆದುಹಾಕುತ್ತದೆ, ಮೇಲಿನಿಂದ ಕಲಕುವ ಸ್ಟಿರರ್ ಸಿಕ್ಕರೆ ಒಳ್ಳೆಯದು.

ರೆಸಿನ್ ಬದಲಿಗೆ ಜಿಯೋಲೈಟ್ (ಸೂಕ್ಷ್ಮ ರಂಧ್ರಗಳಿರುವ ಅಲ್ಯುಮಿನಿಯಂ-ಸಿಲಿಕಾನ್ ಖನಿಜ) ಹಾಕಲೇ ಅಂತಲೂ ಕೇಳಿದ್ದೀರಿ. ಅಲ್ಯುಮಿನಿಯಂ ಜಾಸ್ತಿ ಇರುವಂಥದ್ದು ಬೇಡ, ಅದರ ರಂಧ್ರಗಳನ್ನು ನೀರೇ ತುಂಬಿಕೊಂಡು ಎಸ್ಟರಿಗೆ ಜಾಗ ಬಿಡುವುದಿಲ್ಲ. ಯಾವುದೇ ಹಾಕಿ, ಅರ್ಧ ಕ್ರಿಯೆಯಾದಾಗ ಬಿಸಿಯಲ್ಲೇ ಸೋಸಿ, ದ್ರವವನ್ನಷ್ಟೇ ಮತ್ತೆ 55 ಡಿಗ್ರಿಗೆ ಇಡಿ. ಆಮೇಲೂ ರೀಡಿಂಗ್ ಅದೇ ವೇಗದಲ್ಲಿ ಏರುತ್ತಿದ್ದರೆ ಘನದಿಂದ ಆಮ್ಲ ಸೋರಿ ದ್ರವಕ್ಕೆ ಸೇರಿದೆ ಅಂತಲೇ.