ಓದುಗರ ಪ್ರಶ್ನೆ: ಎಡಕ್ಕೆ ‘ಎಎ’, ಬಲಕ್ಕೆ ‘ಎ’

ಪ್ರಶ್ನೆ: ಕುಶಾಲನಗರದ ನಮ್ಮ ಕಾಫಿ ಕ್ಯೂರಿಂಗ್ ಘಟಕದಲ್ಲಿ ಬೆಲ್ಟಿನ ಮೇಲೆ ಸಾಗುವ ಬೀಜದ ಅಗಲವನ್ನು ಅಳೆಯಲು ಅರ್ಧ ಮೀಟರ್ ಎತ್ತರದಲ್ಲಿ ಕ್ಯಾಮೆರಾ ಕೂರಿಸಿದ್ದೇವೆ. 2,448 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಬೆಲ್ಟಿನ ಸುಮಾರು 245 ಮಿ.ಮೀ. ಕಾಣುತ್ತದೆ. ಬೆಲ್ಟಿನ ನಡುವೆ ಉಕ್ಕಿನ ಸ್ಕೇಲ್ ಇಟ್ಟು, ಪಿಕ್ಸೆಲ್ಲಿಗೆ 0.1 ಮಿ.ಮೀ. ಎಂದು ಲೆಕ್ಕ ಹಾಕಿ, ಎಲ್ಲೆಡೆಗೂ ಅದನ್ನೇ ಬಳಸಿದೆವು. ಆದರೆ 7.00 ಮಿ.ಮೀ. ವ್ಯಾಸದ ಒಂದೇ ಗೇಜ್ ಪಿನ್ (ನಿಖರ ಅಳತೆಯ ಲೋಹದ ಕಡ್ಡಿ) ನಡುವೆ 7.04, ಎಡ ಅಂಚಿನಲ್ಲಿ 7.12, ಬಲ ಅಂಚಿನಲ್ಲಿ 6.82 ಎಂದು ತೋರಿಸುತ್ತಿದೆ. ಕಪ್ಪು-ಬಿಳಿ ಚೌಕಗಳ ಚೌಕುಳಿ ಹಾಳೆ ಮುದ್ರಿಸಿ ಬಳಸಿದರೆ ಸರಿಹೋಗುತ್ತದೆಯೇ?

ಉತ್ತರ: ಪಿನ್ನನ್ನು ಮೂರು ಕಡೆ ಇಟ್ಟು ನೋಡಿದ್ದು ಬಹಳ ಒಳ್ಳೆಯ ಕೆಲಸ, ಏಕೆಂದರೆ ದೋಷ ಎಲ್ಲಿದೆಯೆಂಬುದನ್ನು ಆ ಮೂರು ಅಂಕಿಗಳೇ ಹೇಳುತ್ತಿವೆ. ಪ್ಲಾಂಟೇಶನ್ (ತೊಳೆದು ಸಂಸ್ಕರಿಸಿದ ಅರೇಬಿಕಾ) ಕಾಫಿಯ ‘ಎಎ’ ದರ್ಜೆಗೆ 7.10 ಮಿ.ಮೀ., ‘ಎ’ ದರ್ಜೆಗೆ 6.65 ಮಿ.ಮೀ. ದುಂಡು ರಂಧ್ರದ ಜರಡಿ ಬಳಕೆಯಲ್ಲಿರುವಾಗ, ನಿಮ್ಮ ಬೆಲ್ಟಿನ ಎಡಬದಿಯಲ್ಲಿ ಸಾಗಿದ 7 ಮಿ.ಮೀ. ಬೀಜ ‘ಎಎ’ ಆಗುತ್ತದೆ, ಬಲಬದಿಯಲ್ಲಿ ಸಾಗಿದ್ದು ‘ಎ’ ಆಗಿಯೇ ಉಳಿಯುತ್ತದೆ. ಬೆಳೆಗಾರರಿಗೆ ಸಿಗುವ ಬೆಲೆ ಇದರ ಮೇಲೆ ನಿಂತಿರುವುದರಿಂದ ಇದನ್ನು ಸಣ್ಣ ವ್ಯತ್ಯಾಸವೆಂದು ಬಿಡುವಂತಿಲ್ಲ.

ಎಡಕ್ಕೂ ಬಲಕ್ಕೂ 0.30 ಮಿ.ಮೀ. ಅಂತರ ಬಂದಿರುವುದಕ್ಕೆ ಮುಖ್ಯ ಕಾರಣ, ಕ್ಯಾಮೆರಾ ಬೆಲ್ಟಿಗೆ ನೇರವಾಗಿರದೆ ಒಂದು ಬದಿಗೆ ವಾಲಿರುವುದು; ಹತ್ತಿರವಾದ ಬದಿ ದೊಡ್ಡದಾಗಿಯೂ ದೂರವಾದ ಬದಿ ಚಿಕ್ಕದಾಗಿಯೂ ಕಾಣುತ್ತದೆ. ಎರಡು ಅಂಚುಗಳ ಸರಾಸರಿಯಾದ 6.97, ನಡುವಿನ 7.04ಕ್ಕಿಂತ ಕಡಿಮೆಯಿರುವುದು ಲೆನ್ಸ್ ಅಂಚಿನ ಕಡೆ ಚಿತ್ರವನ್ನು ಕುಗ್ಗಿಸುತ್ತಿರುವುದರ ಗುರುತು. ಮೊದಲು ಕ್ಯಾಮೆರಾವನ್ನು ಸ್ಪ್ಯಾನರ್ ಹಿಡಿದು ನೇರ ಮಾಡಿ. ಉಳಿದ ಓರೆಯನ್ನೂ ಲೆನ್ಸಿನ ವಕ್ರತೆಯನ್ನೂ ಲೆಕ್ಕದಿಂದ ತೆಗೆಯಬಹುದು. ಸಂಶೋಧಕ ಝೆಂಗ್ಯೂ ಝಾಂಗ್ 2000ದಲ್ಲಿ ಪ್ರಕಟಿಸಿದ ವಿಧಾನದಂತೆ, ಚೌಕುಳಿ ಫಲಕವನ್ನು ಬೇರೆ ಬೇರೆ ಓರೆಯಲ್ಲಿ ಹಿಡಿದು, ಚಿತ್ರದ ಮೂಲೆಗಳೂ ತುಂಬುವಂತೆ ಹದಿನೈದಿಪ್ಪತ್ತು ಚಿತ್ರ ತೆಗೆದರೆ ಲೆನ್ಸಿನ ವಕ್ರತೆ ಎಷ್ಟೆಂದು ತಿಳಿಯುತ್ತದೆ. ಉಚಿತವಾಗಿ ಸಿಗುವ ಓಪನ್‌ಸಿವಿ ಎಂಬ ಚಿತ್ರ ವಿಶ್ಲೇಷಣೆಯ ತಂತ್ರಾಂಶದಲ್ಲಿ ಈ ಸೌಲಭ್ಯವಿದೆ. ಆಮೇಲೆ ಫಲಕವನ್ನು ಬೆಲ್ಟಿನ ಮೇಲೆ ಸಪಾಟಾಗಿ ಇಟ್ಟು ಇನ್ನೊಂದು ಚಿತ್ರ ತೆಗೆದು, ಪ್ರತಿ ಪಿಕ್ಸೆಲ್ ಬೆಲ್ಟಿನ ಯಾವ ಜಾಗಕ್ಕೆ ಸೇರಿದ್ದೆಂದು ಹೊಂದಿಸಬೇಕು.

ನಡುವಿನ 0.04 ಹೆಚ್ಚಳ ಎತ್ತರದ್ದು. ಸ್ಕೇಲಿನ ಗೆರೆಗಳು ಬೆಲ್ಟಿನಿಂದ ಸುಮಾರು 1 ಮಿ.ಮೀ. ಮೇಲಿದ್ದರೆ, ಪಿನ್ನಿನ ಅತಿ ಅಗಲವಾದ ಭಾಗ 3.5 ಮಿ.ಮೀ. ಮೇಲಿದೆ. 500 ಮಿ.ಮೀ. ದೂರದಲ್ಲಿ ಆ 2.5 ಮಿ.ಮೀ. ಎಂದರೆ ಶೇ. 0.5, ಅಂದರೆ ಸುಮಾರು 0.035 ಮಿ.ಮೀ. ಬೀಜದ ವಿಷಯದಲ್ಲಿ ಇದು ಇನ್ನೂ ಸ್ವಾರಸ್ಯಕರ: ಚಪ್ಪಟೆ ಮುಖ ಕೆಳಗಾಗಿ ಬಿದ್ದ ಬೀಜದ ಅಗಲ ಬೆಲ್ಟಿನ ಮಟ್ಟದಲ್ಲಿಯೇ ಇರುತ್ತದೆ, ಮಗುಚಿ ಬಿದ್ದದ್ದರ ಅಗಲ ಸುಮಾರು 4 ಮಿ.ಮೀ. ಮೇಲಿರುತ್ತದೆ. ಆದ್ದರಿಂದ ಫಲಕದ ಮುಖ ಬೆಲ್ಟಿನಿಂದ 2 ಮಿ.ಮೀ. ಎತ್ತರಕ್ಕೆ ಬರುವಂತೆ ಇಟ್ಟು ಹೊಂದಿಸಿದರೆ, ಬೀಜ ಹೇಗೆ ಬಿದ್ದರೂ ಈ ಕಾರಣದ ತಪ್ಪು 0.03 ಮಿ.ಮೀ. ಆಸುಪಾಸಿನಲ್ಲೇ ನಿಲ್ಲುತ್ತದೆ.

ಇನ್ನು ಕಾಗದದ ಹಾಳೆ. ದಯವಿಟ್ಟು ಬೇಡ. ಕೊಡಗಿನ ಮಳೆಗಾಲದ ತೇವಕ್ಕೆ ಕಾಗದ ಹಿಗ್ಗುತ್ತದೆ, ಅಂಚು ಸುರುಳಿಯೇಳುತ್ತದೆ. ಪ್ರಿಂಟರ್ ಕೂಡ ಚೌಕಗಳನ್ನು ನಾವು ಹೇಳಿದ ಅಳತೆಗೆ ಸರಿಯಾಗಿ ಮುದ್ರಿಸುತ್ತದೆಂಬ ಭರವಸೆಯಿಲ್ಲ. ಗಾಜಿನ ಅಥವಾ ಅಲ್ಯೂಮಿನಿಯಂ ಫಲಕವನ್ನು ಅಳತೆಯ ಪ್ರಮಾಣಪತ್ರದೊಂದಿಗೆ ಕೊಂಡರೆ ಹಲವು ವರ್ಷ ಬಾಳುತ್ತದೆ.

ಹೊಂದಿಸಿದ ಮೇಲೆ ಲೆನ್ಸಿನ ಫೋಕಸ್ ಮತ್ತು ಅಪರ್ಚರ್ (ಬೆಳಕಿನ ಕಿಂಡಿ) ತಿರುಪುಗಳನ್ನು ಬಿಗಿಮಾಡಿ, ಬೆಳಕನ್ನೂ ಬದಲಿಸಬೇಡಿ; ಬೆಳಕು ಹೆಚ್ಚಾದರೆ ಬೀಜದ ಅಂಚು ತಿಂದುಹೋದಂತಾಗಿ ಅಗಲ ಕಡಿಮೆ ಬರಬಹುದು. ಪ್ರತಿದಿನ ಮೊದಲ ಲಾಟ್ ಹಾಕುವ ಮುನ್ನ ಅದೇ ಪಿನ್ನನ್ನು ಅದೇ ಮೂರು ಜಾಗದಲ್ಲಿ ಇಟ್ಟು ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಿ, ಯಾವುದೇ ಎರಡರ ನಡುವೆ 0.05 ಮಿ.ಮೀ.ಗಿಂತ ಹೆಚ್ಚು ಅಂತರ ಬಂದರೆ ಬೆಲ್ಟ್ ನಿಲ್ಲಿಸಿ ಫಲಕವನ್ನು ಮತ್ತೆ ಇಡಿ.