ಕೈಯಾರೆ ಹಾಕಿದರೆ ನಡೆಯುವ ಡ್ರೈವರ್, ತಾನಾಗಿ ಯಾಕೆ ಲೋಡ್ ಆಗಲ್ಲ?

ಲಿನಕ್ಸ್‌ನಲ್ಲಿ ಯುಎಸ್‌ಬಿ ವೈಫೈ ಡಾಂಗಲ್ ಚುಚ್ಚಿದರೆ ಏನೂ ಆಗುತ್ತಿಲ್ಲ, ಆದರೆ ಮಾಡ್ಯೂಲ್ (ಡ್ರೈವರ್ ಇರುವ ಫೈಲ್) ಹೆಸರು ಕೊಟ್ಟು ಮಾಡ್‌ಪ್ರೋಬ್ (ಅದನ್ನು ಲೋಡ್ ಮಾಡುವ ಕಮಾಂಡ್) ಮಾಡಿದರೆ ಕೆಲಸ ಮಾಡುತ್ತದೆ ಅಂತ ಕೇಳಿದ್ದೀರಿ. ಮೊದಲು ಬ್ಲ್ಯಾಕ್‌ಲಿಸ್ಟ್ ನೋಡಿ, ಅಂದರೆ ತಾನಾಗಿ ಲೋಡ್ ಆಗಬಾರದು ಅಂತ ಮಾಡ್ಯೂಲ್‌ಗೆ ಹಾಕಿರುವ ತಡೆ.

ಡಾಂಗಲ್ ಚುಚ್ಚಿದ ಕೂಡಲೇ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಅದರ ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ ಎಲ್ಲ ಸೇರಿಸಿ ಒಂದು ಉದ್ದ ಸಾಲು ಕಟ್ಟುತ್ತದೆ. ಇದೇ ಮಾಡ್‌ಅಲಿಯಾಸ್. ಹೊಸ ಸಾಧನಗಳನ್ನು ನೋಡಿಕೊಳ್ಳುವ ಯೂಡೆವ್ ಅನ್ನುವ ಪ್ರೋಗ್ರಾಂ ಆ ಸಾಲಿಗೆ ಹೊಂದುವ ಡ್ರೈವರನ್ನು ಡ್ರೈವರ್‌ಗಳ ಪಟ್ಟಿಯಲ್ಲಿ ಹುಡುಕಿ ಲೋಡ್ ಮಾಡುತ್ತದೆ. ಬ್ಲ್ಯಾಕ್‌ಲಿಸ್ಟ್ ತಡೆಯುವುದು ಈ ಹುಡುಕಾಟವನ್ನು ಮಾತ್ರ. ನೀವು ಹೆಸರು ಹಿಡಿದು ಕರೆದರೆ ಅದು ಅಡ್ಡ ಬರಲ್ಲ. ನಿಮ್ಮ ಲಕ್ಷಣ ಇದಕ್ಕೇ ಸರಿಯಾಗಿ ಹೊಂದುತ್ತದೆ, ಅಲ್ವಾ?

ಇಟಿಸಿ ಒಳಗಿನ ಮಾಡ್‌ಪ್ರೋಬ್.ಡಿ ಫೋಲ್ಡರಿನ ಫೈಲುಗಳಲ್ಲಿ ನಿಮ್ಮ ಮಾಡ್ಯೂಲ್ ಹೆಸರು ಹುಡುಕಿ. ಬ್ಲ್ಯಾಕ್‌ಲಿಸ್ಟ್ ಅಂತ ಇರುವ ಸಾಲಿನಲ್ಲಿ ಸಿಕ್ಕರೆ ಆ ಸಾಲಿನ ಮುಂದೆ ಹ್ಯಾಶ್ ಗುರುತು (#) ಹಾಕಿ, ಆಗ ಆ ಸಾಲು ಲೆಕ್ಕಕ್ಕಿಲ್ಲ; ಡಾಂಗಲ್ ಕಿತ್ತು ಮತ್ತೆ ಚುಚ್ಚಿ. ನಾನು ಒಮ್ಮೆ ಇಡೀ ಸಂಜೆ ಒದ್ದಾಡಿದ್ದೆ. ಕೊನೆಗೆ ನೋಡಿದರೆ ಆ ಸಾಲು ಬರೆದವನು ನಾನೇ! ಅಲ್ಲಿ ಸಿಗದಿದ್ದರೆ ಯುಎಸ್‌ಆರ್ ಒಳಗಿನ ಲಿಬ್ ಫೋಲ್ಡರಿನಲ್ಲೂ ಇದೇ ಹೆಸರಿನ ಫೋಲ್ಡರ್ ಇರುತ್ತದೆ, ಅಲ್ಲೂ ನೋಡಿ.

ಡೆಪ್‌ಮಾಡ್ ಕಮಾಂಡ್ ಓಡಿಸಿ ಅಂತ ತುಂಬಾ ಜನ ಹೇಳುತ್ತಾರೆ. ಡ್ರೈವರ್‌ಗಳ ಆ ಪಟ್ಟಿಯನ್ನು ಕಟ್ಟುವುದು ಅದೇ, ನಿಜ. ಆದರೆ ಮಾಡ್ಯೂಲೇ ಪಟ್ಟಿಗೆ ಸೇರದಿದ್ದರೆ ಮಾಡ್‌ಪ್ರೋಬ್‌ಗೂ ಅದು ಸಿಗುತ್ತಿರಲಿಲ್ಲ. ಹಾಗಾಗಿ ನಿಮ್ಮ ವಿಷಯದಲ್ಲಿ ಆ ಅನುಮಾನ ಕಡಿಮೆ.

ಇನ್ನೊಂದು ಮಾತು: ಹೆಸರು ಕೊಟ್ಟು ಲೋಡ್ ಮಾಡಿದರೂ ವೈಫೈ ಕಾಣಿಸದಿದ್ದರೆ ಕಥೆ ಬೇರೆ. ಆಗ ಡ್ರೈವರಿನೊಳಗೆ ನಿಮ್ಮ ಡಾಂಗಲ್ ಸಂಖ್ಯೆಯೇ ಇಲ್ಲದಿರಬಹುದು, ಅಥವಾ ಫರ್ಮ್‌ವೇರ್ (ಡಾಂಗಲ್ ಒಳಗೆ ಓಡುವ ಪ್ರೋಗ್ರಾಂ) ಫೈಲ್ ಸಿಗದೇ ಇರಬಹುದು. ಕರ್ನಲ್ ಲಾಗ್ ನೋಡಿದರೆ ಸಾಮಾನ್ಯವಾಗಿ ಸುಳಿವು ಸಿಗುತ್ತದೆ.